ಬಾಡಿಗೆದಾರನ ಮುಖ ನೋಡಬಾರದು

ಸುಳ್ಯ
೨೭ ಮೇ ೨೦೨೪

ಶರ್ಮಿಳಾ,

ಆಶೀರ್ವಾದ ಕೊನೆಗೆ ಬರೆಯುತ್ತೇನೆ. ಮೊದಲು ವಿಷಯ.

ವಿಷಯ: ರಾಮಕುಂಜದ ಹಳೆ ಡಾಕ್ಟರರ ಮನೆಯನ್ನು ನೀನು ಕೊಳ್ಳಲು ಹೊರಟಿರುವ ಅವಿವೇಕದ ಬಗ್ಗೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಸಹಕಾರಿ ಸಂಘದ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಆಸ್ತಿಯ ಮಾತನ್ನು ಬಾಯಲ್ಲಿ ಆಡಿ ಮುಗಿಸಿದವರೆಲ್ಲ ಕೋರ್ಟಿನ ಜಗಲಿಯಲ್ಲಿ ಕೂತದ್ದನ್ನು ಕಂಡಿದ್ದೇನೆ. ನೀನೂ ಕಾಗದದಲ್ಲೇ ಉತ್ತರ ಕೊಡು. ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿ ಕಳಿಸಬೇಡ.

ಮೊನ್ನೆ ಸವಣೂರಿನಲ್ಲಿ ಒಂದು ಉತ್ತರಕ್ರಿಯೆಯ ಊಟಕ್ಕೆ ಹೋಗಿದ್ದೆ. ಪಕ್ಕದ ಎಲೆಯಲ್ಲಿ ಕುಕ್ಕಪ್ಪ. ಪಾಯಸ ಬಡಿಸುವಷ್ಟರಲ್ಲಿ ಅವನು ಬಾಯಿ ಬಿಟ್ಟ. "ಎಂತ ತೀರ್ಥರಾಮಣ್ಣ, ನಿಮ್ಮ ಟೀಚರ್ ಮಗಳು ಮನೆ ತೆಗೆದುಕೊಂಡು ಕಂಪೌಂಡರನ ಕೋಣೆಯಲ್ಲಿ ಇರುದಂತೆ, ಉಳಿದದ್ದು ಬಾಡಿಗೆಗಂತೆ. ಹೌದಾ?" ಪಾಯಸ ನನಗೆ ಸೇರಲಿಲ್ಲ.

ಇರುವ ಮನೆ ಬೇರೆ, ದುಡಿಯುವ ಮನೆ ಬೇರೆ. ಹಸುವನ್ನು ಯಾರೂ ಚಾವಡಿಯಲ್ಲಿ ಕಟ್ಟುವುದಿಲ್ಲ. ಕೊಟ್ಟಿಗೆ ಇರಬೇಕು, ಅದರ ವಾಸನೆ ಮೂಗಿಗೆ ಬಾರದಷ್ಟು ದೂರ ಇರಬೇಕು. ಬಾಡಿಗೆದಾರನ ಮುಖ ನೋಡಬಾರದು. ಮುಖ ನೋಡಿದರೆ ಅವನ ಮಗುವಿಗೆ ಜ್ವರ ಬಂದದ್ದು ಗೊತ್ತಾಗುತ್ತದೆ. ಜ್ವರ ಗೊತ್ತಾದ ಮೇಲೆ ಬಾಡಿಗೆ ಕೇಳಲು ನಾಲಿಗೆ ಏಳುವುದಿಲ್ಲ. ಇಷ್ಟು ಸಣ್ಣ ಮಾತು ಹಿಂದಿ ಪಾಠ ಮಾಡುವವರಿಗೆ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ.

ಗಡಿಯಾಚೆಯ ಹೊಸೂರಿನಲ್ಲಿ ನಮ್ಮ ಫ್ಲ್ಯಾಟ್ ಇರುವ ಕಟ್ಟಡದಲ್ಲೇ, ಒಂದು ಮಹಡಿ ಮೇಲೆ, ಇನ್ನೊಂದು ಮಾರಾಟಕ್ಕೆ ಉಂಟು. ನಿನ್ನ ಉಳಿತಾಯ, ಮೇಲೊಂದು ಸಾಲ, ಅಷ್ಟಕ್ಕೆ ಅದು ಸರಿಯಾಗುತ್ತದೆ. ಸುತ್ತ ಕಾರ್ಖಾನೆಗಳು, ಬಾಡಿಗೆಗೆ ಜನ ಕಾದು ನಿಂತಿದ್ದಾರೆ. ನಾನು ಇಂದಿನವರೆಗೆ ಅಲ್ಲಿಗೆ ಕಾಲಿಟ್ಟಿಲ್ಲ, ಇಡಬೇಕಾಗಿಯೂ ಬಂದಿಲ್ಲ. ದಿಶಾಂತ್ ಎಲ್ಲ ನೋಡಿಕೊಳ್ಳುತ್ತಾನೆ. ಅಂಥ ಏಜೆಂಟ್ ಸಿಗುವುದು ಪುಣ್ಯ.

ಮೂವತ್ತೆಂಟು ವರ್ಷವಾದರೂ ಒಬ್ಬ ಗಂಡಸಿನ ಜೊತೆ ಹೊಂದಿಕೊಳ್ಳಲು ಒಪ್ಪದವಳು ಈಗ ಗುರುತಿಲ್ಲದ ಎರಡು ಸಂಸಾರಗಳೊಟ್ಟಿಗೆ ಒಂದೇ ಬಾವಿಯ ನೀರು ಸೇದುತ್ತಾಳಂತೆ. ಜನ ನಗುವುದು ಸುಮ್ಮನೆ ಅಲ್ಲ.

ಆಶೀರ್ವಾದ.

ತೀರ್ಥರಾಮ


ರಾಮಕುಂಜ
೯ ಜೂನ್ ೨೦೨೪

ಅಪ್ಪಾ,

ನಿಮ್ಮ ಆಶೀರ್ವಾದ ಕಾಗದದ ತಳದಲ್ಲಿ ಸಿಕ್ಕಿತು. ಅಲ್ಲಿಯ ತನಕ ಹೋಗುವಷ್ಟರಲ್ಲಿ ಅದರ ಮೇಲಿನ ಆಸೆ ಹೋಗಿತ್ತು.

ಹದಿನಾಲ್ಕು ವರ್ಷ ಈ ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಕೋಣೆಯಲ್ಲಿದ್ದೇನೆ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಆಡಳಿತ ಮಂಡಳಿಯನ್ನು ಕೇಳಬೇಕು. ನನಗೆ ಬೇಕಾಗಿರುವುದು ಮೊಳೆ ಹೊಡೆಯಬಹುದಾದ ಒಂದು ಗೋಡೆ. ಹೊಸೂರಿನ ಮೂರನೇ ಮಹಡಿಯ ಗೋಡೆಗೆ ನಾನು ಇಲ್ಲಿಂದ ಹೇಗೆ ಮೊಳೆ ಹೊಡೆಯಲಿ?

ಡಾಕ್ಟರರ ಮನೆಗೆ ಮೂರು ಬಾಗಿಲು. ಹಿಂದೆ ಸಂಸಾರದ ಮನೆ, ರಸ್ತೆಗೆ ಮುಖ ಮಾಡಿ ಕ್ಲಿನಿಕ್, ನಡುವೆ ಕಂಪೌಂಡರನ ಕೋಣೆ. ಮುರಕಲ್ಲಿನ ಗೋಡೆ ಗಟ್ಟಿಯಾಗಿದೆ. ಡಾಕ್ಟರರು ತೀರಿಹೋದ ಮೇಲೆ ಮಕ್ಕಳಿಗೆ ಬೇಡವಾಗಿದೆ. ಹಿಂದಿನದ್ದನ್ನೂ ಮುಂದಿನದ್ದನ್ನೂ ಬಾಡಿಗೆಗೆ ಕೊಟ್ಟರೆ ಸಾಲದ ಕಂತು ತಾನಾಗಿ ಹೋಗುತ್ತದೆ. ನಾನೊಬ್ಬಳು. ಕಂಪೌಂಡರನಿಗೆ ಸಾಕಾದದ್ದು ನನಗೆ ಸಾಕಾಗದೇ? ಈ ಊರಿನಲ್ಲಿ ಶಾಲೆಗಳಿರುವ ತನಕ ಬಾಡಿಗೆಗೆ ಮಾಷ್ಟ್ರುಗಳು ಬರುತ್ತಲೇ ಇರುತ್ತಾರೆ.

ಸಂಘಕ್ಕೆ ಗೊಬ್ಬರದ ಲೋಡು ಬಂದರೆ ನೀವು ಮೂಟೆ ಬಿಚ್ಚಿಸಿ ಮೂಸಿ ನೋಡಿಯೇ ಇಳಿಸುತ್ತಿದ್ದಿರಿ. ಅಂಥವರು ಒಂದು ಮನೆಯನ್ನು ದಿಶಾಂತನ ಮೊಬೈಲಿನಲ್ಲಿ ನೋಡಿ ಕೊಂಡಿರಿ. ಅದೂ ಅವ್ವನ ತವರಿನ ಪಾಲು ಮಾರಿದ ಹಣದಲ್ಲಿ. ಕಡಬದ ಆ ಗದ್ದೆಗೆ ಸಹಿ ಹಾಕಿದ ದಿನ ಅವ್ವ ಎಂತ ಹೇಳಿದಳು ಅಂತ ನೀವು ಯಾರಿಗೂ ಹೇಳಿಲ್ಲ. ಅವ್ವನೂ ಹೇಳಿಲ್ಲ. ನಾನು ಕೇಳಿದಾಗ ಅಡುಗೆ ಮನೆಗೆ ಹೋದಳು.

ಕುಕ್ಕಪ್ಪನವರಿಗೆ ಹೇಳಿ, ಹೌದು, ಕಂಪೌಂಡರನ ಕೋಣೆಯೇ.

ಶರ್ಮಿಳಾ


ಸುಳ್ಯ
೧೮ ಸೆಪ್ಟೆಂಬರ್ ೨೦೨೪

ಶರ್ಮಿಳಾ,

ವಿಷಯ: ಗೃಹಪ್ರವೇಶಕ್ಕೆ ಬಾರದ ಬಗ್ಗೆ ನಿನ್ನ ದೂರು.

ಗೃಹಪ್ರವೇಶ ಮಾಡುವುದು ಮನೆಗೆ. ನೀನು ಪ್ರವೇಶ ಮಾಡಿದ್ದು ಒಂದು ಕೋಣೆಗೆ. ಅದಕ್ಕೆ ಸುಳ್ಯದಿಂದ ಕಾರು ಮಾಡಿಕೊಂಡು ಬರುವ ಅಗತ್ಯ ನನಗೆ ಕಾಣಲಿಲ್ಲ. ನಿನ್ನ ಅವ್ವನಿಗೆ ಮಂಡಿನೋವು, ಆದ್ದರಿಂದ ಅವಳೂ ಬರಲಿಲ್ಲ. ಬೆಳಗ್ಗೆಯೇ ಸೀರೆ ಉಟ್ಟು ಕೂತಿದ್ದಳು ಎಂದು ಪಕ್ಕದ ಮನೆಯವರು ನಿನಗೆ ಹೇಳಿದ್ದರೆ, ಅವರಿಗೆ ಬೇರೆ ಕೆಲಸವಿಲ್ಲ ಎಂದು ತಿಳಿದುಕೊ.

ಹಿಂದಿನ ಮನೆಗೆ ಬಂದಿರುವುದು ಯಾರೋ ಪೀಟಿ ಮಾಷ್ಟ್ರಂತೆ, ಹೆಂಡತಿ ಮಕ್ಕಳೊಂದಿಗೆ. ಮುಂದಿನ ಕ್ಲಿನಿಕ್ಕಿನಲ್ಲಿ ಕೋಚಿಂಗ್ ಕ್ಲಾಸಿನವನಂತೆ. ಒಬ್ಬ ಸೀಟಿ ಊದುತ್ತಾನೆ, ಇನ್ನೊಬ್ಬ ಬೋರ್ಡಿನ ಮೇಲೆ ಗೀಚುತ್ತಾನೆ. ನಡುವೆ ಮನೆಯೊಡತಿ. ಸರ್ಕಸ್ಸಿಗೆ ಟಿಕೇಟು ಇಡಬಹುದಿತ್ತು.

ಹೊಸೂರಿನ ವಿಷಯ ಕುಕ್ಕಪ್ಪನಿಂದ ನಿನ್ನ ಕಿವಿಗೂ ಬಿದ್ದಿರಬಹುದು. ಎರಡು ತಿಂಗಳಿಂದ ಬಾಡಿಗೆ ಬಂದಿಲ್ಲ. ಬಾಡಿಗೆದಾರ ಕೊಡುತ್ತಿಲ್ಲ, ಒರಟು ಮನುಷ್ಯ ಎಂದು ದಿಶಾಂತ್ ಹೇಳುತ್ತಾನೆ. ದೊಡ್ಡ ವ್ಯವಹಾರದಲ್ಲಿ ಇದೆಲ್ಲ ಇರುವುದೇ. ನಿನ್ನಂಥವರಿಗೆ ಇದು ಭಯವಾಗಿ ಕಾಣುತ್ತದೆ.

ಆಶೀರ್ವಾದ.

ತೀರ್ಥರಾಮ


ರಾಮಕುಂಜ
೨೪ ನವೆಂಬರ್ ೨೦೨೪

ಅಪ್ಪಾ,

ನಿಮಗೆ ಸಂತೋಷವಾಗುವ ಸುದ್ದಿಯನ್ನು ಮೊದಲೇ ಬರೆಯುತ್ತೇನೆ. ಕೋಚಿಂಗ್ ಕ್ಲಾಸಿನವನು ಓಡಿಹೋದ. ಬೋರ್ಡು, ಬೆಂಚು, ಕೊನೆಗೆ ನಾನು ಹಾಕಿಸಿಕೊಟ್ಟ ಫ್ಯಾನನ್ನೂ ಹೊತ್ತುಕೊಂಡು ಹೋಗಿದ್ದಾನೆ. ಸ್ನಾನದ ಮನೆಯ ಪೈಪು ಒಡೆದು ಎರಡು ದಿನ ಪೀಟಿ ಕೂಸಪ್ಪ ಮಾಷ್ಟ್ರ ಹೆಂಡತಿಯ ಬೈಗಳು ತಿಂದೆ. ಮಾಷ್ಟ್ರು ನಿಜವಾಗಿಯೂ ಬೆಳಗ್ಗೆ ಬೇಗ ಎದ್ದು ಮಕ್ಕಳನ್ನು ಅಂಗಳದಲ್ಲಿ ಓಡಿಸುತ್ತಾರೆ, ಸೀಟಿ ನನ್ನ ಕಿಟಕಿಯ ಕೆಳಗೇ ಊದುತ್ತಾರೆ. ಒಂದೊಂದು ದಿನ ನೀವು ಹೇಳಿದ್ದು ಸರಿ ಅಂತ ಕಾಣುತ್ತದೆ. ಇದನ್ನು ಬರೆದುಕೊಟ್ಟಿದ್ದೇನೆ, ಇಟ್ಟುಕೊಳ್ಳಿ.

ಡಾಕ್ಟರರು ಸತ್ತದ್ದು ಇನ್ನೂ ಗೊತ್ತಾಗದವರು ಇದ್ದಾರೆ. ವಾರಕ್ಕೊಬ್ಬರಾದರೂ ಮುದುಕರು ಬಂದು ಕ್ಲಿನಿಕ್ಕಿನ ಬಾಗಿಲು ತಟ್ಟುತ್ತಾರೆ. ನಾನು ತೆರೆದ ಕೂಡಲೇ ನಾಲಿಗೆ ಹೊರಗೆ ಹಾಕುತ್ತಾರೆ. ಡಾಕ್ಟರು ಇಲ್ಲ ಅಜ್ಜ ಅಂದರೆ, "ಇಲ್ಲಾಂದ್ರೆ ನೀವೇ ನೋಡಿ ಮಾರಾಯ್ರೆ, ಇಷ್ಟು ದೂರ ಬಂದದ್ದು" ಅನ್ನುತ್ತಾರೆ.

ಆದರೆ ಕಳೆದ ತಿಂಗಳು ನನಗೆ ಜ್ವರ ಬಂದು ಮಲಗಿದಾಗ ಗಂಜಿ ತಂದುಕೊಟ್ಟದ್ದು ಬೈದ ಆ ಹೆಂಗಸೇ. ಜ್ವರ ಅವಳಿಗೆ ಹೇಗೆ ಗೊತ್ತಾಯಿತು? ಮುಖ ನೋಡಿ. ಆ ತಿಂಗಳ ಬಾಡಿಗೆಯನ್ನೂ ಸರಿಯಾಗಿಯೇ ಕೊಟ್ಟಳು. ನಿಮ್ಮ ಶಾಸ್ತ್ರದಲ್ಲಿ ಎಲ್ಲೋ ಒಂದು ಹುಳುಕು ಉಂಟು.

ಕ್ಲಿನಿಕ್ಕು ಖಾಲಿ ಇದೆ. ಅವ್ವನನ್ನು ಎರಡು ದಿನಕ್ಕಾದರೂ ಕಳಿಸಿ. ಮಂಡಿನೋವು ಅಂತ ಬರೆಯಬೇಡಿ. ಅವಳ ಮಂಡಿ ನಿಮ್ಮ ಬಾಯಲ್ಲಿ ಮಾತ್ರ ನೋಯುವುದು.

ಶರ್ಮಿಳಾ


ಸುಳ್ಯ
೧೯ ಜನವರಿ ೨೦೨೫

ಶರ್ಮಿಳಾ,

ವಿಷಯ: ಹೊಸೂರು.

ದಿಶಾಂತನ ಫೋನು ಸ್ವಿಚ್ ಆಫ್. ಅವನ ಆಫೀಸಿನ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಇರಲಿ, ಏಜೆಂಟನದ್ದು ಬೇರೆ ಮಾತು. ಮೂಲ ಕಳ್ಳ ಬಾಡಿಗೆದಾರ. ಆರು ತಿಂಗಳು ಪುಕ್ಕಟೆ ಕೂತು, ಒಡೆಯ ದೂರದಲ್ಲಿದ್ದಾನೆ, ಇವನು ಎಂತ ಮಾಡಿಯಾನು ಎಂದುಕೊಂಡಿದ್ದಾನೆ. ಅವನನ್ನು ನಾನೇ ಹೋಗಿ ಹೊರಗೆ ಹಾಕುತ್ತೇನೆ. ಸಾಲ ಕಟ್ಟದ ಎಷ್ಟು ಜನರನ್ನು ನೋಡಿದವನು ನಾನು. ಒಂದು ಗದರು ಸಾಕು.

ಫ್ಲ್ಯಾಟ್ ಜಂಟಿ ಹೆಸರಿನಲ್ಲಿ ಇರುವುದರಿಂದ ನಿನ್ನ ಅವ್ವನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಪೊಲೀಸಿಗೆ ದೂರು ಕೊಡಬೇಕಾಗಿ ಬಂದರೆ ಸಹಿಗೆ ಆಗುತ್ತಾಳೆ. ಅವಳಿಗೂ ಆಸ್ತಿ ತೋರಿಸಿದ ಹಾಗಾಯಿತು. ಪೇಟೆಯ ಫ್ಲ್ಯಾಟ್ ಅಂದರೆ ಎಂತದ್ದು ಅಂತ ನೋಡಿ ಬಂದು, ನೀನು ಫೋನಿನಲ್ಲಿ ಹೇಳಿದ, ನಿನ್ನ ಮಾಡಿನ ಹಂಚಿನ ಎಡೆಯಿಂದ ಬೀಳುವ ಓತಿಕ್ಯಾತದ ವರ್ಣನೆಯನ್ನು ಇನ್ನಾದರೂ ನಿಲ್ಲಿಸಿಯಾಳು.

ಆಶೀರ್ವಾದ.

ತೀರ್ಥರಾಮ


ರಾಮಕುಂಜ
೩ ಫೆಬ್ರವರಿ ೨೦೨೫

ಅಪ್ಪಾ,

ಅವ್ವ ಇಲ್ಲಿದ್ದಾಳೆ. ಅದನ್ನು ಆವತ್ತೇ ಫೋನಿನಲ್ಲಿ ಹೇಳಿದ್ದೇನೆ. ನೀವು "ಸರಿ" ಅಂತ ಇಟ್ಟಿರಿ.

ಹೊಸೂರಿನಲ್ಲಿ ನಡೆದದ್ದನ್ನು ಅವ್ವ ಒಂದೇ ಸಲಕ್ಕೆ ಹೇಳಲಿಲ್ಲ. ಬಸಳೆ ಸೋಸುವಾಗ ಒಂದಿಷ್ಟು, ನೀರು ಸೇದುವಾಗ ಒಂದಿಷ್ಟು. ನೀವು ಅಲ್ಲೇ ಇದ್ದವರು, ಆದರೂ ಬರೆಯುತ್ತೇನೆ. ಕಾಗದದಲ್ಲಿ ಬಂದದ್ದು ಮಾತ್ರ ನಡೆದದ್ದು ಅಂತ ನಿಮ್ಮ ಲೆಕ್ಕ ಅಲ್ಲವೇ?

ಗೇಟಿನಲ್ಲಿ ವಾಚ್‌ಮನ್ ನಿಮ್ಮನ್ನು ತಡೆದ. ನಾನು ಓನರು ಅಂತ ನೀವು ಹೇಳಿದಿರಿ. ಆ ಮನೆಯ ಓನರು ದಿಶಾಂತ್ ಸಾರು, ನೀವು ಯಾರು ಅಂತ ಅವನು ಕೇಳಿದ. ನಿಮ್ಮದೇ ಮನೆಯ ಗೇಟಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿಮ್ಮನ್ನು ಕೂರಿಸಿದರು. ಅವ್ವ ನಿಂತೇ ಇದ್ದಳು.

ಆಮೇಲೆ ಮೇಲಕ್ಕೆ ಬಿಟ್ಟರು. ಬಾಗಿಲು ತೆರೆದ ಹುಡುಗನ ಮುಖವನ್ನೂ ಸರಿಯಾಗಿ ನೋಡದೆ ನೀವು ಶುರು ಮಾಡಿದಿರಿ. "ನಾಚಿಕೆ ಉಂಟಾ ನಿಮಗೆ? ಇನ್ನೊಬ್ಬರ ಮನೆಯಲ್ಲಿ ಪುಕ್ಕಟೆ ಕೂತು ತಿನ್ನುದಾ? ಕಳ್ಳರು! ಇವತ್ತೇ ಖಾಲಿ ಮಾಡಿ!" ಆಚೀಚೆ ಮನೆಯ ಬಾಗಿಲುಗಳೆಲ್ಲ ತೆರೆದುಕೊಂಡವು. ಒಳಗೆ ಕಾಲಿಗೆ ಆಪರೇಶನ್ ಆಗಿ ಮಂಚದಲ್ಲಿದ್ದ ಅವನ ತಾಯಿ ಏಳಲು ಹೋಗಿ ಏಳಲಾಗದೆ ಕೂಗಿಕೊಂಡರು.

ನಿಮ್ಮ ಬೈಗಳು ಮುಗಿದ ಮೇಲೆ ಅವನು ಕೇಳಿದ, "ನೀವು ಸುಳ್ಯ ಕಡೆಯವರಲ್ವಾ? ಮಾತಲ್ಲೇ ಗೊತ್ತಾಗ್ತದೆ. ನಾನು ರಮೀಝ್, ಸವಣೂರಿನವ. ಇಲ್ಲಿ ಫ್ಯಾಕ್ಟರಿಯಲ್ಲಿ ಇರುದು. ಮೊದಲು ಒಳಗೆ ಬನ್ನಿ."

ಅಪ್ಪಾ, ಬಾಡಿಗೆಯವರ ಮುಖ ಕಾಣಬಾರದು ಅಂತ ನೀವು ಘಟ್ಟ ಹತ್ತಿ, ರಾಜ್ಯ ದಾಟಿ ಮನೆ ಕೊಂಡಿರಿ. ಅದರೊಳಗೆ ಸವಣೂರಿನ ಹುಡುಗ ಕೂತಿದ್ದ.

ಅವನು ಮೊಬೈಲು ತೆಗೆದು ತೋರಿಸಿದ. ಒಂದು ತಿಂಗಳೂ ತಪ್ಪದೆ ಬಾಡಿಗೆ ದಿಶಾಂತನಿಗೆ ಹೋಗಿದೆ. ನೀವು ಕನ್ನಡಕ ಹಾಕಿ ನೋಡಿದಿರಿ, ಕನ್ನಡಕ ತೆಗೆದು ನೋಡಿದಿರಿ. ಅವನ ಹೆಂಡತಿ ಚಾ ತಂದಿಟ್ಟಳು. ನೀವು ಲೋಟ ಮುಟ್ಟಲಿಲ್ಲ. ಯಾಕೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವ್ವ ತನ್ನ ಚಾ ಕುಡಿದಳು. ಆಮೇಲೆ ನಿಮ್ಮದನ್ನೂ ಎತ್ತಿಕೊಂಡು ಕುಡಿದಳು.

ಹೊರಡುವಾಗ ಆ ತಾಯಿ ಅವ್ವನ ಬಗ್ಗೆ ಏನೋ ಕೇಳಿದರಂತೆ. ಅದಕ್ಕೆ ನೀವು, "ಇವಳಿಗೆ ಎಂತದ್ದೂ ಗೊತ್ತಿಲ್ಲ, ಸಹಿಗೆ ಬಂದದ್ದು" ಅಂದಿರಿ.

ಮೆಟ್ಟಿಲಿನಲ್ಲಿ ಅವ್ವ ನಿಮ್ಮನ್ನು ನಿಲ್ಲಿಸಿದಳು.

"ವಾಪಸ್ ಹೋಗಿ ಒಂದು ಮಾತು ಹೇಳಿ ಬನ್ನಿ. ತಪ್ಪಾಯ್ತು ಅಂತ. ಅಷ್ಟೇ."

"ಬಾಡಿಗೆಯವನ ಹತ್ತಿರ ನಾನು ತಪ್ಪಾಯ್ತು ಹೇಳುದಾ? ತಲೆ ಸರಿ ಉಂಟಾ ನಿಂಗೆ?"

"ಕಳ್ಳ ಅಂತ ಕರೆದದ್ದು ನೀವು. ಬಾಡಿಗೆಯವ ಅಲ್ಲ."

"ಸುಮ್ಮನೆ ಬಾ."

ಅವ್ವ ಸುಮ್ಮನೆ ಬಂದಳು. ಮರುದಿನ ಯಶವಂತಪುರದಿಂದ ನೆಟ್ಟಣದ ತನಕ ಹಗಲು ರೈಲಿನಲ್ಲಿ ಬಂದಿರಿ. ಘಟ್ಟದಲ್ಲಿ ಸುರಂಗ ಬಂದಾಗಲೆಲ್ಲ ಜನ ಕೂಗುತ್ತಿದ್ದರಂತೆ, ನೀವು ನಿದ್ದೆ ಮಾಡುತ್ತಿದ್ದಿರಂತೆ. ನೆಟ್ಟಣದಲ್ಲಿ ಇಳಿದು ನೀವು ಸುಳ್ಯದ ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿದಿರಿ. ಅವ್ವ ಕೆಳಗೇ ನಿಂತು, "ನಾನು ಕಡಬದ ಬಸ್ಸಿಗೆ ಹೋಗ್ತೇನೆ" ಅಂದಳು. ಅವಳಿಗೆ ಬಸ್ಸಿನ ಗುರುತು ತಪ್ಪಿದೆ ಅಂತ ನೀವು ತಿಳಿದಿರಬೇಕು. "ಇದೇ ಬಸ್ಸು, ಹತ್ತು" ಅಂದಿರಿ.

ಅವ್ವ ಹತ್ತಲಿಲ್ಲ. ಕಡಬದಲ್ಲಿ ಬಸ್ಸು ಬದಲಿಸಿ, ದಾರಿ ಕೇಳಿಕೊಂಡು, ಚೀಲ ಹಿಡಿದು ಇಲ್ಲಿಗೆ ಬಂದಳು. ಬಂದವಳು ಮೊದಲು ಕೇಳಿದ್ದು ನೀರಲ್ಲ. "ಆ ಮುಂದಿನ ಕೋಣೆ ಖಾಲಿ ಉಂಟಾ? ಬಾಡಿಗೆ ಎಷ್ಟು?"

ನಾನು ನಕ್ಕೆ. ಅವಳು ನಗಲಿಲ್ಲ.

ಶರ್ಮಿಳಾ


ಸುಳ್ಯ
೧೫ ಫೆಬ್ರವರಿ ೨೦೨೫

ಶರ್ಮಿಳಾ,

ವಿಷಯ: ನನ್ನ ಮನೆಯಾಕೆಯನ್ನು ಅನಧಿಕೃತವಾಗಿ ಇರಿಸಿಕೊಂಡಿರುವ ಬಗ್ಗೆ.

ಹೆತ್ತ ತಾಯಿಯಿಂದ ಬಾಡಿಗೆ ವಸೂಲು ಮಾಡುವ ಮಗಳನ್ನು ಈ ಮೂರು ತಾಲೂಕಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಕರಾರುಪತ್ರ ಕೂಡ ಮಾಡಿಕೊಂಡಿದ್ದೀರಂತೆ. ಸಾಕ್ಷಿಗೆ ಪೀಟಿ ಮಾಷ್ಟ್ರಂತೆ. ಸೀಟಿ ಊದಿಯೇ ಸಹಿ ಹಾಕಿದನೋ ಏನೋ.

ಅವಳು ಊರಿಗೆಲ್ಲ ಬುತ್ತಿ ಕಟ್ಟುತ್ತಾಳೆ ಎಂದು ಕೇಳಿದೆ. ಮದುವೆಯಾಗದ ಮಾಷ್ಟ್ರುಗಳು ಸಾಲು ನಿಂತು ಒಯ್ಯುತ್ತಾರಂತೆ. ನಾನು ಕಾರ್ಯದರ್ಶಿಯಾಗಿದ್ದಾಗ ಸಂಘದ ನಿರ್ದೇಶಕರು ನಮ್ಮ ಮನೆಯ ಊಟಕ್ಕೆ ಆಸೆಪಟ್ಟು ಬರುತ್ತಿದ್ದರು. ಆ ಕೈ ಈಗ ಬುತ್ತಿ ಕಟ್ಟುತ್ತಿದೆ. ಇಲ್ಲಿ ನನಗೆ ಊಟದ ತೊಂದರೆ ಇಲ್ಲ. ಹೋಟೆಲುಗಳು ಉಂಟು. ಉಪ್ಪು ಸ್ವಲ್ಪ ಹೆಚ್ಚು, ಅಷ್ಟೇ.

ಹೊಸೂರಿನ ಫ್ಲ್ಯಾಟನ್ನು ಮಾರಲು ತೀರ್ಮಾನಿಸಿದ್ದೇನೆ. ದಿಶಾಂತನ ಮೇಲೆ ದೂರು ಕೊಟ್ಟಾಗಿದೆ. ಕೊಳ್ಳುವವರು ಖಾಲಿ ಮನೆ ಕೇಳುತ್ತಾರೆ, ಆದ್ದರಿಂದ ಆ ಹುಡುಗನಿಗೆ ನೋಟೀಸು ಕೊಡಬೇಕು. ಎರಡಕ್ಕೂ ನಿನ್ನ ಅವ್ವ ಪೂವಮ್ಮನ ಸಹಿ ಬೇಕು. ಕಾಗದಗಳು ಇದರೊಟ್ಟಿಗೆ ಇವೆ. ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲಿ ಸಹಿ ಹಾಕಿಸಿ ಕಳಿಸು. ಓದಿ ಹೇಳುವ ಅಗತ್ಯವಿಲ್ಲ.

ಆಮೇಲೆ ಅವಳನ್ನೂ ಕಳಿಸು.

ತೀರ್ಥರಾಮ


ರಾಮಕುಂಜ
೨ ಮಾರ್ಚ್ ೨೦೨೫

ಶರ್ಮಿಳಾನ ಅಪ್ಪನಿಗೆ,

ನಾನು ನಿಮಗೆ ಕಾಗದ ಬರೆಯುವುದು ಇದೇ ಮೊದಲು. ಒಂದೇ ಮನೆಯಲ್ಲಿ ಇದ್ದವರಿಗೆ ಬರೆಯುವ ಕೆಲಸ ಇರಲಿಲ್ಲ. ಮಾತಾಡುವ ಕೆಲಸವೂ ನಿಮಗೆ ಮಾತ್ರ ಇತ್ತು. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ. ನಿಮಗೆ ಅದು ಇಷ್ಟದ ಕೆಲಸ.

ಕಾಗದಗಳನ್ನು ನಾನೇ ಓದಿದೆ. ನಾಲ್ಕು ಸಲ ಓದಿದ ಮೇಲೆ ಅರ್ಥವಾಯಿತು. ಅಷ್ಟು ಕಷ್ಟದ್ದೇನಲ್ಲ.

ಶರ್ಮಿಳಾನನ್ನು ಬೈಯಬೇಡಿ. ಬಾಡಿಗೆ ಬೇಡ ಅಂತ ಅವಳು ಅತ್ತಳು. ಹಾಗಾದರೆ ಮುಂದಿನ ಬಸ್ಸಿಗೆ ಹೋಗುತ್ತೇನೆ ಅಂದೆ, ಒಪ್ಪಿದಳು. ಹುಟ್ಟಿದ್ದು ಅಪ್ಪನ ಮನೆ, ಬಂದದ್ದು ನಿಮ್ಮ ಮನೆ. ಗದ್ದೆ ಮಾರಿದ ದಿನ, ಹೊಸೂರಿನದ್ದು ನಿನ್ನ ಮನೆ ಅಂತ ನೀವು ಹೇಳಿದಿರಿ. ಅದರ ಬಾಗಿಲಲ್ಲಿ ನಿಂತು ಇವಳಿಗೆ ಎಂತದ್ದೂ ಗೊತ್ತಿಲ್ಲ ಅಂದಿರಿ. ಮಗಳ ಮನೆ ಅಂತ ಇಲ್ಲಿಯೂ ಬಿಟ್ಟಿ ಕೂತರೆ ನಾಳೆ ಇವಳೂ ಹಾಗೇ ಹೇಳಿಯಾಳು. ಬುತ್ತಿ ಕಟ್ಟುತ್ತೇನೆ, ಬಾಡಿಗೆ ಕೊಡುತ್ತೇನೆ. ನಿಮ್ಮ ಲೆಕ್ಕದಲ್ಲಿ ನಾನೀಗ ಮುಖ ನೋಡಬಾರದವಳು.

ಕೇಳಿದರೆ ನಿಮಗೆ ನಗು ಬರಬಹುದು. ಇಲ್ಲಿಗೆ ಬಂದ ಮೊದಲ ದಿನ ಒಳಗಿನಿಂದ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದೆ.

ನೋಟೀಸಿಗೆ ನಾನು ಸಹಿ ಹಾಕುವುದಿಲ್ಲ. ಆ ತಾಯಿಗೆ ಇನ್ನೂ ಕೋಲು ಹಿಡಿದು ನಡೆಯಲು ಆಗುವುದಿಲ್ಲ. ರಮೀಝನ ಹೆಂಡತಿ ಫೋನು ಮಾಡುತ್ತಿರುತ್ತಾಳೆ. ನಂಬರು ಆವತ್ತೇ ಕೊಟ್ಟಿದ್ದೆ, ನೀವು ಮೊಬೈಲು ನೋಡುತ್ತಿದ್ದಾಗ. ಅವರು ತಾವಾಗಿ ಬಿಡುವ ತನಕ ಇರಲಿ.

ಮಾರಾಟದ ಕಾಗದಕ್ಕೂ ಈಗ ಹಾಕುವುದಿಲ್ಲ. ನೀವು ಆ ಹುಡುಗನಿಗೆ ತಪ್ಪಾಯಿತು ಅಂತ ಬರೆಯಿರಿ. ನಾಲ್ಕು ಜನರ ಎದುರಿನಲ್ಲಿ ಕಳ್ಳ ಅಂದಿರಿ, ಕಾಗದದಲ್ಲಾದರೂ ಅಲ್ಲ ಅನ್ನಿ. ಆಮೇಲೆ ಮಾರುವ ಮಾತು.

ಉಪ್ಪು ಹೆಚ್ಚಾದರೆ ಹೋಟೆಲಿನವನಿಗೆ ಹೇಳಿ. ನನಗೆ ಹೇಳಿದ ಹಾಗೆ ಹೇಳಬೇಡಿ, ಅವನು ತಟ್ಟೆ ಎತ್ತಿಬಿಟ್ಟಾನು.

ಪೂವಮ್ಮ


ಸುಳ್ಯ
೧೧ ಏಪ್ರಿಲ್ ೨೦೨೫

ಶ್ರೀ ರಮೀಝ್ ಅವರಿಗೆ,
ಹೊಸೂರು

ಮಾನ್ಯರೇ,

ವಿಷಯ: ಕಳೆದ ಜನವರಿಯಲ್ಲಿ ತಮ್ಮ ನಿವಾಸಕ್ಕೆ ಭೇಟಿ ನೀಡಿದಾಗ ಆಡಿದ ಮಾತುಗಳ ಬಗ್ಗೆ.

ಸದರಿ ದಿನ ತಾವು ಬಾಡಿಗೆಯನ್ನು ಕ್ರಮವಾಗಿ ಪಾವತಿಸಿದ್ದಿರಿ ಎಂಬ ಮಾಹಿತಿ ನನ್ನಲ್ಲಿ ಇರಲಿಲ್ಲ. ತಿಳಿಸಬೇಕಾದವನು ತಿಳಿಸಲಿಲ್ಲ. ತಾವೂ ಇಷ್ಟು ಕಾಲ ಮನೆಯ ನಿಜವಾದ ಒಡೆಯರು ಯಾರೆಂದು ವಿಚಾರಿಸದೆ ಹಣ ಕೊಟ್ಟಿರುವುದು ನಿರ್ಲಕ್ಷ್ಯವೇ ಆಗಿದೆ. ಸವಣೂರಿನಂಥ ಊರಿನಿಂದ ಬಂದವರು ಇಷ್ಟು ಎಚ್ಚರ ತಪ್ಪಬಾರದಿತ್ತು.

ಆದ ಕಾರಣ, ಅಂದು ನಾನು ಬಳಸಿದ ಶಬ್ದಗಳಲ್ಲಿ ಯಾವುದಾದರೂ ತಮಗೆ ಅನ್ವಯಿಸುವುದಿಲ್ಲ ಎಂದು ಕಂಡುಬಂದಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಗಿದೆ ಎಂದು ಭಾವಿಸಿ ಕ್ಷಮಿಸತಕ್ಕದ್ದು.

ಚಾ ಕುಡಿಯದಿದ್ದುದು ಸಕ್ಕರೆ ಕಾಯಿಲೆಯ ಕಾರಣದಿಂದ. ಬೇರೆ ಅರ್ಥ ಕಲ್ಪಿಸಬಾರದು.

ತಮ್ಮ ತಾಯಿಯವರ ಕಾಲು ಹೇಗಿದೆ ಎಂದು ತಿಳಿಸುವುದು.

ಇಂತಿ ತಮ್ಮ ವಿಶ್ವಾಸಿ,
ಕೆ. ತೀರ್ಥರಾಮ
ನಿವೃತ್ತ ಕಾರ್ಯದರ್ಶಿ

ಪ್ರತಿ: ಶ್ರೀಮತಿ ಪೂವಮ್ಮ, ರಾಮಕುಂಜ. ಮಾಹಿತಿಗಾಗಿ.


ರಾಮಕುಂಜ
೬ ಮೇ ೨೦೨೫

ಶರ್ಮಿಳಾನ ಅಪ್ಪನಿಗೆ,

ನಕಲು ಬಂತು. ನಕಲು ಇಟ್ಟು ಕ್ಷಮೆ ಕೇಳಿದವರನ್ನು ನಾನು ಇದುವರೆಗೆ ಕಂಡಿರಲಿಲ್ಲ. ಕಾಗದ ಬರೆದದ್ದು ಅವನಿಗೆ, ತೋರಿಸಿದ್ದು ನನಗೆ.

ನಿಮಗೆ ಸಕ್ಕರೆ ಕಾಯಿಲೆ ಇಲ್ಲ. ರೈಲಿನಲ್ಲಿ ಮಾರಲು ಬಂದವನ ಹತ್ತಿರ ಎರಡು ಸಲ ಚಾ ತೆಗೆದುಕೊಂಡು, ಸಕ್ಕರೆ ಸಾಲದು ಅಂತ ಅವನಿಗೆ ಬೈದಿರಿ.

ರಮೀಝ್ ಆ ಕಾಗದವನ್ನು ಅವನ ತಾಯಿಗೆ ಓದಿ ಹೇಳಿದನಂತೆ. ಅವರು ಪೂರ್ತಿ ಕೇಳಿ, "ಈ ಜನ ಮತ್ತೆ ಯಾಕೆ ಬೈಯುದು ಮಗಾ, ಈಗ ನಾವು ಎಂತ ಮಾಡಿದ್ದು?" ಅಂತ ಕೇಳಿದರಂತೆ. ಅವನ ಹೆಂಡತಿ ಫೋನಿನಲ್ಲಿ ಹೇಳುವಾಗ ನಗು ತಡೆಯಲಾಗದೆ ಬಿಕ್ಕುತ್ತಿದ್ದಳು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ನಾಚಿಕೆಯಾಯಿತು. ನನ್ನ ಗಂಡನ ಬಗ್ಗೆ ಇನ್ನೊಬ್ಬರ ಮನೆಯಲ್ಲಿ ನಗುತ್ತಾರೆ ಅಂತ ಅಲ್ಲ. ಇಷ್ಟು ವರ್ಷ ಈ ಮನುಷ್ಯನಿಗೆ ನಾನು ಹೆದರಿದ್ದೆನಲ್ಲ ಅಂತ.

ಕಾಲು ಹೇಗಿದೆ ಅಂತ ಕೇಳಿದಿರಿ. ಆ ಸಾಲನ್ನು ನೀವು ಯಾರಿಗೂ ತೋರಿಸಲು ಬರೆದದ್ದಲ್ಲ ಅಂತ ನನಗೆ ಕಂಡಿತು. ಆದ್ದರಿಂದ ಉತ್ತರ ಕೊಡುತ್ತೇನೆ. ಕೋಲು ಹಿಡಿದು ಅಡುಗೆ ಮನೆಯ ತನಕ ನಡೆಯುತ್ತಾರಂತೆ.

ಫ್ಲ್ಯಾಟನ್ನು ಮಾರುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ವಕೀಲರ ಹತ್ತಿರ ಕೇಳಿದೆ, ಅರ್ಧ ನನ್ನದಂತೆ. ಈ ತಿಂಗಳಿಂದ ಬಾಡಿಗೆಯ ಅರ್ಧವನ್ನು ರಮೀಝ್ ನೇರ ನನಗೆ ಕಳಿಸುತ್ತಾನೆ. ನಿಮ್ಮ ಅರ್ಧ ನಿಮಗೆ ಬರುತ್ತದೆ. ದೂರದ ಮನೆ ತಪ್ಪು ಅಂತ ನಾನು ಹೇಳುವುದಿಲ್ಲ, ಹತ್ತಿರದ್ದೇ ಸರಿ ಅಂತಲೂ ಹೇಳುವುದಿಲ್ಲ. ಶರ್ಮಿಳಾನಿಗೂ ನನಗೂ ದಿನಕ್ಕೊಂದು ಜಗಳ ಉಂಟು. ನಿನ್ನೆ ಮೊಳೆ ಹೊಡೆಯುವ ವಿಷಯಕ್ಕೆ ಆಯಿತು. ತಾನು ಮನೆಯೊಡತಿ, ತನ್ನನ್ನು ಕೇಳಬೇಕಿತ್ತು ಅಂದಳು. ಕರಾರಿನಲ್ಲಿ ಹಾಗೆ ಬರೆದಿಲ್ಲ ಅಂತ ನಾನು ತೋರಿಸಿದೆ. ಅವಳು ಓದಿ ನೋಡಿ ಸುತ್ತಿಗೆ ತಂದುಕೊಟ್ಟಳು.

ನೀವು ಬರುತ್ತೀರಿ ಅಂತ ಕುಕ್ಕಪ್ಪ ಹೇಳಿ ಕಳಿಸಿದ್ದಾನೆ. ಬನ್ನಿ. ಭಾನುವಾರ ಬುತ್ತಿ ಇರುವುದಿಲ್ಲ, ಅಡುಗೆ ಇರುತ್ತದೆ. ಮಧ್ಯಾಹ್ನ ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಡುವ ಹಾಗೆ ಬನ್ನಿ.

ನನ್ನ ಕೋಣೆಯಲ್ಲಿ ಇರುವುದು ಒಂದು ಮಂಚ. ನಾನು ಅದರ ನಡುವೆ ಮಲಗುತ್ತೇನೆ.

ಪೂವಮ್ಮ